ಸೋತವರಿಗೆ ಹೆಚ್ಚು ಚೀಟಿ

ಊರಲ್ಲಿ ಯಾರೂ ಆಡದ ಆಟದ ಹುಚ್ಚು ಹಿಡಿಸಿಕೊಂಡವರಿಗೆ ನಗೆಪಾಟಲಾಗುವುದಕ್ಕೆ ಮುಹೂರ್ತ ಬೇಕಿಲ್ಲ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಬಾಯಿ ಬಿಟ್ಟಲ್ಲೆಲ್ಲ ಅದು ಆಗುತ್ತಲೇ ಇರುತ್ತದೆ. ನಾನು ಹುಣಸೂರಿನ ಹೈಸ್ಕೂಲೊಂದರಲ್ಲಿ ಪೀಟಿ ಮೇಷ್ಟ್ರು. ಆಗ ಕೇಬಲ್ ಟೀವಿ ಬಂದ ಹೊಸತು. ಅಮೆರಿಕದವರು ರಾತ್ರಿ ಆಡುವ ಬ್ಯಾಸ್ಕೆಟ್‌ಬಾಲ್ ನಮಗೆ ಬೆಳಿಗ್ಗೆ ಕಾಫಿ ಹೊತ್ತಿಗೆ ಬರುತ್ತಿತ್ತು. ಅದನ್ನು ನೋಡಲು ನಾನು, ಮೆಡಿಕಲ್ ಶಾಪಿನವರು ಮತ್ತು ಅವರ ಪಕ್ಕದಂಗಡಿಯ ಟೈಲರ್ ಒಂದೆಡೆ ಸೇರುತ್ತಿದ್ದೆವು. ನಾನೂ ಮೆಡಿಕಲ್ ಶಾಪಿನವರೂ ಊರಿನ ಕ್ಲಬ್ಬಿಗೆ ಆಡುತ್ತಲೂ ಇದ್ದೆವು. ಟೈಲರಿಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಅವರು ಬರುತ್ತಿದ್ದುದು ಕಾಫಿಗೆ.

ಬಸ್ಸಿನಲ್ಲಿ ಲಾಟರಿ

ಒಂದು ಸಲ ನಾನೂ ಮೆಡಿಕಲ್ ಶಾಪಿನವರೂ ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋಗುತ್ತಿದ್ದೆವು. ಅವರ ದನಿ ಸ್ವಲ್ಪ ದೊಡ್ಡದು.

"ಬರೆದಿಟ್ಕೊಳ್ಳಿ ಮೇಷ್ಟ್ರೇ, ಈ ಸಲದ ಲಾಟರೀಲಿ ಮೊದಲನೇ ನಂಬರು ಯಾರಿಗೆ ಅಂತ ನನಗೆ ಗೊತ್ತು!" ಎಂದರು.

ಬಸ್ಸು ಗಪ್‌ಚಿಪ್ಪಾಯಿತು. ಆಗ ಗಲ್ಲಿಗಲ್ಲಿಯಲ್ಲಿ ಲಾಟರಿ ಟಿಕೆಟ್ ಮಾರುತ್ತಿದ್ದ ಕಾಲ. ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ನಮ್ಮ ಸೀಟಿನ ಪಕ್ಕ ಬಂದು ನಿಂತರು. "ಸಾರ್, ಕಡೇ ಮೂರು ನಂಬರ್ ಹೇಳಿದ್ರೆ ಸಾಕು" ಎಂದು ಮೆಲ್ಲಗೆ ಕೇಳಿದರು.

ಅದು ಆ ಲಾಟರಿ ಅಲ್ಲ ಎಂದು ನಾನು ಇಡೀ ಬಸ್ಸಿಗೆ ಪಾಠ ಮಾಡಬೇಕಾಯಿತು. "ಅಮೆರಿಕದಲ್ಲಿ ಪ್ರತಿವರ್ಷ ಹೊಸ ಆಟಗಾರರು ಬರ್ತಾರೆ. ಒಂದೊಂದು ತಂಡ ಒಬ್ಬೊಬ್ಬರನ್ನ ಆರಿಸಿಕೊಳ್ಳಬೇಕು. ಯಾರು ಮೊದಲು ಆರಿಸೋದು ಅನ್ನೋದಕ್ಕೆ ಚೀಟಿ ಎತ್ತಿದ ಹಾಗೆ ಎತ್ತುತ್ತಾರೆ. ಆ ವರ್ಷ ಹೆಚ್ಚು ಸೋತವರ ಹೆಸರಲ್ಲಿ ಹೆಚ್ಚು ಚೀಟಿ."

ಸಾಲಿಗ್ರಾಮಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ಮುಂದಿನ ಸೀಟಿನಿಂದ ತಿರುಗಿದರು. "ಸೋತೋರಿಗೇ ಜಾಸ್ತಿ ಚೀಟಿಯಾ?"

"ಹೌದಜ್ಜಿ."

"ದಿಟವಾಗ್ಲೂ?"

"ದಿಟವಾಗ್ಲೂ."

ಅಜ್ಜಿ ಸೀಟಿನ ಮೇಲಿಂದ ಇನ್ನಷ್ಟು ನನ್ನತ್ತ ವಾಲಿ, "ಅಂಗಾರೆ ನನ್ ಮೊಮ್ಮಗನ ಎಸರೂ ಬರ್ಕೊ ಸಾಮಿ. ಎಸ್ಸೆಸ್ಸೆಲ್ಸೀಲಿ ಮೂರ್ ಸಲ ಫೇಲಾಗವ್ನೆ" ಎಂದರು.

ಟೈಲರ್ ಹೇಳಿದ ಭವಿಷ್ಯ

ಆ ವರ್ಷ ಮೊದಲು ಆಯ್ಕೆಯಾಗುವ ಆಟಗಾರ ಯಾರು ಎಂಬ ಬಗ್ಗೆ ನನಗೂ ಮೆಡಿಕಲ್ ಶಾಪಿನವರಿಗೂ ಜಗಳ. ಅವರು ಎತ್ತರದ ಆಳೊಬ್ಬನನ್ನು ಹಿಡಿದಿದ್ದರು. ನಾನು ಚೆಂಡು ಚೆನ್ನಾಗಿ ಹಂಚುವವನೊಬ್ಬನನ್ನು ಹಿಡಿದಿದ್ದೆ. ಆಯ್ಕೆಗೆ ಮುಂಚೆ ಟೀವಿಯಲ್ಲಿ ಐದಾರು ಹುಡುಗರನ್ನು ಸೂಟು ತೊಡಿಸಿ ಸಾಲಾಗಿ ಕೂರಿಸಿದ್ದನ್ನು ತೋರಿಸಿದರು. ಅಲ್ಲಿಯತನಕ ಬಾಯಿ ಬಿಡದ ಟೈಲರ್ ಲೋಟ ಕೆಳಗಿಟ್ಟು ಟೀವಿಯ ಹತ್ತಿರ ಹೋದರು.

"ಈ ಮೂರನೆಯವನು" ಎಂದರು.

ನಾವಿಬ್ಬರೂ ನಕ್ಕೆವು. ಆ ಮೂರನೆಯವನ ಹೆಸರನ್ನು ಯಾರೂ ಎತ್ತಿರಲಿಲ್ಲ.

ಕಡೆಗೆ ಮೊದಲು ಕರೆದದ್ದು ಮೂರನೆಯವನನ್ನೇ! ಮೆಡಿಕಲ್ ಶಾಪಿನವರಿಗೆ ತಡೆಯಲಾಗಲಿಲ್ಲ. ಅವರು ಟೈಲರ ಅಂಗಡಿಗೇ ಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕೂತುಬಿಟ್ಟರು. "ಯಜಮಾನ್ರೇ, ಆಟ ಗೊತ್ತಿಲ್ಲದ ನಿಮಗೆ ಇದು ಹೇಗೆ ಗೊತ್ತಾಯ್ತು? ಹೇಳೋತನಕ ನಾನು ಏಳಲ್ಲ."

ಟೈಲರ್ ಕಾಜಾ ಹಾಕುತ್ತ ತಲೆ ಎತ್ತದೆಯೇ ಹೇಳಿದರು: "ಅಷ್ಟುದ್ದದ ಆಳಿಗೆ ರೆಡಿಮೇಡ್ ಎಲ್ಲಿ ಸಿಗ್ತದೆ ಸಾರ್? ಮಿಕ್ಕೋರದ್ದೆಲ್ಲ ಕೋಟಿನ ತೋಳು ಗಿಡ್ಡ. ಇವನೊಬ್ಬನ ತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿತ್ತು. ಅಂದ್ರೆ ತಿಂಗಳ ಹಿಂದೇನೇ ಅಳತೆ ಕೊಟ್ಟವ್ನೆ. ಕರೀತಾರೆ ಅಂತ ಗೊತ್ತಿಲ್ದೆ ಯಾರಾದ್ರೂ ಅಷ್ಟು ಮುಂಚೆ ಬಟ್ಟೆ ಹೊಲಿಸ್ತಾರಾ? ನಮ್ಮೂರಲ್ಲಿ ಮದ್ವೆ ಗಂಡುಗಳೇ ಹೊಲಿಸಲ್ಲ."

ಗೆರೆಯಾಚೆಯ ಕಾವಲು

ಟೀವಿಯ ಮುಂದೆ ಕೂತು ನಾವು ಪದೇಪದೇ ಕೊರಗುತ್ತಿದ್ದ ವಿಷಯ ಇನ್ನೊಂದಿತ್ತು. ಈಗಿನ ಆಟಗಾರರು ಹೊರಗೆರೆ ಕಾಯುವುದನ್ನೇ ಮರೆತಿದ್ದಾರೆ, ಎಲ್ಲರೂ ಬುಟ್ಟಿಯ ಬುಡದಲ್ಲಿ ಗುಂಪು ಕಟ್ಟುತ್ತಾರೆ, ದೂರದಿಂದ ಎಸೆಯುವವನನ್ನು ಕೇಳುವವರೇ ಇಲ್ಲ ಅಂತ. ಅಮೆರಿಕದವರಿಗೆ ಅಷ್ಟೆಲ್ಲ ಬುದ್ಧಿ ಹೇಳಿ, ಆ ಭಾನುವಾರ ಎಚ್.ಡಿ. ಕೋಟೆಗೆ ಪಂದ್ಯ ಆಡಲು ಹೋದೆವು. ಅರ್ಧ ಆಟ ಮುಗಿಯುವಷ್ಟರಲ್ಲಿ ಅವರು ದೂರದಿಂದಲೇ ಎಸೆದೆಸೆದು ನಮ್ಮನ್ನು ಹಣ್ಣು ಮಾಡಿದ್ದರು. ನಾವು ಐದೂ ಜನ ಬುಟ್ಟಿಯ ಬುಡದಲ್ಲೇ ನಿಂತಿದ್ದೆವು.

ವಿರಾಮದಲ್ಲಿ ನೀರು ಕುಡಿಯುತ್ತಿದ್ದಾಗ ಒಬ್ಬರು ಹತ್ತಿರ ಬಂದರು. ಕಾಡಂಚಿನ ಗಿರಿಜನರ ಹಾಡಿಯವರು, ರಾಗಿ ಬೆಳೆಯುವವರು. ಸಂತೆಗೆ ಬಂದವರು ಆಟ ನೋಡುತ್ತ ನಿಂತುಬಿಟ್ಟಿದ್ದರಂತೆ.

"ಸಾ, ಒಂದ್ ಮಾತು ಕೇಳ್ಲಾ? ಆ ಗೆರೆ ಆಚೆಯಿಂದ ಆಕುದ್ರೆ ಎಷ್ಟು?"

"ಮೂರು ಪಾಯಿಂಟು."

"ಗೆರೆ ಒಳಗಿಂದ ಆಕುದ್ರೆ?"

"ಎರಡು."

"ಮತ್ತೆ ನೀವೆಲ್ಲ ಎರಡನ್ನ ಕಾಯ್ಕಂಡು ಮೂರನ್ನ ಬುಟ್ಟಿದ್ದೀರಲ್ಲ, ಯಾಕೆ?"

ನಾನು ತಿರುಗಿ ಆ ಗೆರೆಯನ್ನು ಮೊದಲ ಸಲ ಕಂಡವನಂತೆ ನೋಡಿದೆ. ಹದಿನೈದು ವರ್ಷದಿಂದ ಪೀಟಿ ಮೇಷ್ಟ್ರು. ಅವರು ನನ್ನನ್ನು ಹಂಗಿಸುತ್ತಿರಲಿಲ್ಲ, ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳುತ್ತಿದ್ದರು. ಅವರೇ ಸಮಾಧಾನ ಹೇಳುವಂತೆ ಮುಂದುವರಿಸಿದರು: "ನಾವು ಆನೇನ ಒಲದ ಅಂಚಲ್ಲೇ ತಡೀತೀವಿ ಸಾ. ಬಂದ್ರೆ ಬರ್ಲಿ ಅಂತ ಅಡ್ಗೆಮನೇಲಿ ಕಾಯ್ಕಂಡು ಕೂರಕ್ಕಾಯ್ತದಾ?"

ಮಾತು ಮೆಡಿಕಲ್ ಶಾಪಿನವರ ತಲೆಗೆ ಹತ್ತಿತು, ಸ್ವಲ್ಪ ಜಾಸ್ತಿಯೇ. ಆಟ ಮತ್ತೆ ಶುರುವಾದಾಗ ಅವರು ಗೆರೆಯ ಮೇಲೆ ಹೋಗಿ ನಿಂತು, ಚೆಂಡು ಹಿಡಿದವನು ಕೈ ಎತ್ತಿದ ಕೂಡಲೇ ಎರಡೂ ತೋಳು ಬೀಸಿ "ಹೋಯ್! ಹೋಯ್! ಹೋಯ್!" ಎಂದು ಕೂಗಿದರು. ಆಟಗಾರ ಬೆಚ್ಚಿಬಿದ್ದು ಚೆಂಡನ್ನು ಕಾಂಪೌಂಡಿನಾಚೆಗೆ ಎಸೆದ. ರೆಫ್ರಿ ಸೀಟಿ ಊದುತ್ತ ಓಡಿಬಂದರು. ಆಗ ಹಾಡಿಯವರು ಅಂಚಿನಿಂದಲೇ ಕೂಗಿ ಹೇಳಿದರು: "ಸಾ, ಕೂಗುದ್ದು ಸರಿಯಾಗೇ ಅದೆ ಕಣ್ರೀ, ತಮಟೆ ಒಂದು ಕಮ್ಮಿ!"

ಸೋಲುವುದಕ್ಕೆ ಪೈಪೋಟಿ

ಬಿಳಿಕೆರೆಗೆ ಹೊಸ ಪಶುವೈದ್ಯರು ವರ್ಗವಾಗಿ ಬಂದರು. ಆರೂಕಾಲು ಅಡಿ ಎತ್ತರ. ಅವರು ನಿಂತಲ್ಲಿಂದಲೇ ಹುಣಸೆ ಮರದ ಕಾಯಿ ಕಿತ್ತರಂತೆ ಎಂಬ ಸುದ್ದಿ ವಾರದೊಳಗೆ ನಾಲ್ಕು ತಾಲೂಕಿಗೂ ಹಬ್ಬಿತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕ್ಲಬ್ಬಿನವರು ಡಾಕ್ಟರು ನಮಗೆ, ನಮಗೆ ಎಂದು ಕಿತ್ತಾಡಿದರು. ನಮಗಂತೂ ಅವರು ಬೇಕೇ ಬೇಕಿತ್ತು. ಮೂರು ವರ್ಷದಿಂದ ನಾವು ಒಂದೂ ಪಂದ್ಯ ಗೆದ್ದಿರಲಿಲ್ಲ. ಆಡಲು ಬರುವವರು ಒಬ್ಬೊಬ್ಬರೇ ಕಮ್ಮಿಯಾಗುತ್ತಿದ್ದರು. ಇನ್ನೊಂದು ವರ್ಷ ಹೀಗೇ ಆದರೆ ಕ್ಲಬ್ಬು ಮುಚ್ಚಬೇಕಿತ್ತು.

ಜಗಳ ಬಿಡಿಸಲು ನಾನೇ ಅಮೆರಿಕದ ಉಪಾಯ ಹೇಳಿದೆ. ನಾಲ್ಕು ತಾಲೂಕಿನ ಪಂದ್ಯಾವಳಿ ನಡೆಸೋಣ. ಕಡೇ ಸ್ಥಾನದವರ ಹೆಸರಲ್ಲಿ ನಾಲ್ಕು ಚೀಟಿ, ಮೂರನೆಯವರಿಗೆ ಮೂರು, ಎರಡನೆಯವರಿಗೆ ಎರಡು, ಗೆದ್ದವರಿಗೆ ಒಂದು. ಎಲ್ಲರೂ ಒಪ್ಪಿದರು.

ಕೊನೆಯ ಪಂದ್ಯ ನಮಗೂ ಪಿರಿಯಾಪಟ್ಟಣದವರಿಗೂ. ಇಬ್ಬರೂ ಉಳಿದೆರಡು ಪಂದ್ಯ ಸೋತಿದ್ದೆವು. ಇದರಲ್ಲಿ ಸೋತವರಿಗೆ ನಾಲ್ಕು ಚೀಟಿ, ಗೆದ್ದವರಿಗೆ ಮೂರೇ. ಅಂಥ ಆಟವನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ನಾವು ಚೆಂಡು ತಗೊಂಡು ಹೋದರೆ ಅವರು ಮದುವೆಮನೆಯಲ್ಲಿ ಬೀಗರಿಗೆ ದಾರಿ ಬಿಡುವಂತೆ ಎರಡೂ ಕಡೆ ಸರಿದು ನಿಲ್ಲುತ್ತಿದ್ದರು.

"ಹಾಕಿ ಮೇಷ್ಟ್ರೇ, ಸಂಕೋಚ ಮಾಡ್ಕೋಬೇಡಿ."

"ಅಯ್ಯೋ, ನೀವು ಹಾಕಿ ಸಾರ್. ದೂರದಿಂದ ಬಂದಿದ್ದೀರಿ."

ಕೊನೆಯ ನಿಮಿಷದಲ್ಲೂ ಸಮಸಮ. ಆಗ ಚೆಂಡು ಮೆಡಿಕಲ್ ಶಾಪಿನವರ ಕೈಗೆ ಸಿಕ್ಕಿತು. ಅದನ್ನು ಹಾಳುಮಾಡಬೇಕೆಂದೇ ಅವರು ಅಂಕಣದ ನಡುವೆ ಬುಟ್ಟಿಗೆ ಬೆನ್ನು ಮಾಡಿ ನಿಂತು, ಕಣ್ಣು ಮುಚ್ಚಿ, ತಲೆಯ ಮೇಲಿಂದ ಹಿಂದಕ್ಕೆ ಎಸೆದರು. ಚೆಂಡು ಬುಟ್ಟಿಯ ಬಳೆಗೂ ತಾಗದಷ್ಟು ನೆಟ್ಟಗೆ ಒಳಗೆ ಬಿತ್ತು.

"ಹಾಳಾದ್ದು ಬಿತ್ತಲ್ರೀ!" ಎಂದು ತಲೆ ಹಿಡಿದು ಕೂತರು. ಮೂರು ವರ್ಷದ ಮೇಲೆ ನಾವು ಗೆದ್ದಿದ್ದೆವು. ಪಿರಿಯಾಪಟ್ಟಣದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ನಮ್ಮಲ್ಲಿ ಇಬ್ಬರು ಅಳುತ್ತಿದ್ದರು.

ಆದರೂ ಚೀಟಿ ಎತ್ತಿದಾಗ ನಮ್ಮ ಹೆಸರೇ ಬಂತು. ಹಾರ, ಹಣ್ಣು, ಒಂದು ಹೊಸ ಚೆಂಡು ಹಿಡಿದು ಆ ಸಂಜೆಯೇ ಬಿಳಿಕೆರೆಗೆ ಹೋದೆವು. ಡಾಕ್ಟರು ಕ್ವಾರ್ಟರ್ಸಿನ ಮುಂದೆ ಹಸುವೊಂದರ ಗೊರಸು ನೋಡುತ್ತಿದ್ದರು. ಅವರು ಬಗ್ಗಿದ್ದ ಹಾಗೆಯೇ ಮೆಡಿಕಲ್ ಶಾಪಿನವರು ಹಾರ ಹಾಕಿದರು. ನೆಟ್ಟಗೆ ನಿಂತರೆ ಎಟುಕುತ್ತಿರಲಿಲ್ಲ.

"ಸಾರ್, ನೀವು ಲಾಟರಿಯಲ್ಲಿ ನಮಗೆ ಬಂದಿದ್ದೀರಿ!"

ಡಾಕ್ಟರು ಗಾಬರಿಯಿಂದ ಎಲ್ಲ ಕೇಳಿಸಿಕೊಂಡು, "ಬ್ಯಾಸ್ಕೆಟ್‌ಬಾಲಾ? ನಾನು ಜೀವನದಲ್ಲೇ ಆಡಿಲ್ಲ. ಯಾರಾದ್ರೂ ಚೆಂಡು ಎಸೆದ್ರೆ ನಾನು ಕಣ್ಣು ಮುಚ್ಕೊಂಡುಬಿಡ್ತೀನಿ" ಎಂದರು. ಅವರನ್ನೇ ಒಂದು ಮಾತು ಕೇಳಬೇಕೆಂದು ನಾಲ್ಕು ತಾಲೂಕಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಹೊರಗೆ ಬಂದರು. ಅವರೂ ಎತ್ತರವೇ. ನನ್ನ ಕೈಲಿದ್ದ ಚೆಂಡನ್ನು ತೆಗೆದುಕೊಂಡು ನೆಲಕ್ಕೆ ಎರಡು ಸಲ ಬಡಿದು, ಒಂದೇ ಬೆರಳಿನ ಮೇಲೆ ಗಿರ್ರನೆ ತಿರುಗಿಸಿದರು. "ಕಾಲೇಜಲ್ಲಿ ನಾಲ್ಕು ವರ್ಷ ಆಡಿದ್ದೀನಿ. ನಾಳೆ ಬೆಳಿಗ್ಗೆ ಆರು ಗಂಟೆಗೆ ಎಲ್ಲರೂ ಅಂಕಣಕ್ಕೆ ಬನ್ನಿ, ಹೇಳಿಕೊಡ್ತೀನಿ" ಎಂದರು. ಹೇಳಿದಂತೆಯೇ ಬಂದರು. ನಮ್ಮ ಕ್ಲಬ್ಬು ಉಳಿದದ್ದು ಅವರಿಂದಲೇ.

ಆ ಸಂಜೆ ಮಾತ್ರ ನಾವು ಹಾರ ಹಾಕಿಸಿಕೊಂಡು ಪೆಚ್ಚಾಗಿ ನಿಂತ ಡಾಕ್ಟರನ್ನೇ ನೋಡುತ್ತಿದ್ದೆವು. ನಮ್ಮ ಸಪ್ಪೆ ಮುಖ ಕಂಡು ಆಕೆಗೆ ಕನಿಕರ ಬಂತು.

"ಬೇಜಾರು ಮಾಡ್ಕೋಬೇಡಿ ಸಾರ್" ಎಂದರು. "ನಿಮಗೆ ಇವರು ಲಾಟರಿಯಲ್ಲಿ ಬಂದದ್ದು. ನಾನಾದ್ರೋ ಇವರೂ ಆಡ್ತಾರೆ ಅಂದ್ಕೊಂಡು, ಕಣ್ಣಾರೆ ನೋಡಿಯೇ ಆರಿಸಿಕೊಂಡದ್ದು!"