ಅತ್ತೆಯ ಜಂಬೂಸವಾರಿ

ನಮ್ಮ ಮನೆಯವರು ತಮಿಳುನಾಡಿನ ಗಡಿಯ ನಮ್ಮ ಹೊಸೂರಿನ ಎಲ್ಲೆ ದಾಟಿದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುತ್ತಾರೆ. ಒಂದೇ ಗಾಡಿಯಲ್ಲಿ ಕೂತಾಗ ಮಾತ್ರ ಕೆಡುತ್ತದೆ. ಇದು ಹೋದ ವರ್ಷ ಮೈಸೂರು ದಸರಾಕ್ಕೆ ಹೋದಾಗಿನ ಮಾತು.

ಹೊರಟಿದ್ದು ನನ್ನ ಸೋದರತ್ತೆಗಾಗಿ. ಬಾಗಲೂರಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ರಾಗಿ ಟೊಮೇಟೊ ಬೆಳೆದುಕೊಂಡಿರುವವಳು. ಚಿನ್ನದ ಅಂಬಾರಿಯಲ್ಲಿ ಕೂತ ಚಾಮುಂಡೇಶ್ವರಿಯನ್ನು ಒಮ್ಮೆ ನೋಡಬೇಕೆಂಬುದು ಅವಳಿಗೆ ಲಂಗ ಉಡುತ್ತಿದ್ದ ಕಾಲದ ಆಸೆ. ಪ್ರತಿ ದಸರಾಕ್ಕೂ ಏನೋ ಒಂದು ಅಡ್ಡ. ಒಂದು ವರ್ಷ ಹಸು ಕರು ಹಾಕಿತು, ಇನ್ನೊಂದು ವರ್ಷ ಸೊಸೆ ಹೆತ್ತಳು. ಟಿವಿಯಲ್ಲಿ ತೋರಿಸುತ್ತಾರೆ ನೋಡತ್ತೆ ಅಂದರೆ ಎದ್ದು ಹೊರಗೆ ಹೋಗುತ್ತಾಳೆ. "ಊಟಕ್ಕೆ ಕರ್ದವ್ರೆ ಅಂತ ಗೊತ್ತಿದ್ದೂ ಯಾರಾನ ಮನೇಲೇ ಉಂಡ್ಕಂಡು ಓಯ್ತಾರೇನ್ಲಾ?" ಅನ್ನುತ್ತಾಳೆ. ಈಚೆಗೆ ಮಂಡಿ ಹಿಡಿದುಕೊಂಡಿದೆ. ಈ ಸಲ ತಪ್ಪಿದರೆ ಕಷ್ಟ ಅಂತ ನನಗೇ ಅನ್ನಿಸಿ ವ್ಯಾನ್ ಹೇಳಿಬಿಟ್ಟೆ.

ಕೀ ಮಲಗಿತ್ತು

ಆಯುಧಪೂಜೆಯ ಬೆಳಿಗ್ಗೆ ನಮ್ಮ ಫ್ಯಾಕ್ಟರಿಯಲ್ಲಿ ಮಷಿನ್‌ಗಳಿಗೆಲ್ಲ ಕುಂಕುಮ ಇಟ್ಟು, ಪುರಿ ಬೂಂದಿ ಹಂಚಿ ಮುಗಿಸಿ ನೇರ ಡ್ರೈವರ್ ಮನೆಗೆ ಹೋದೆ. ಹೆಂಡತಿಯೂ ಅತ್ತೆಯೂ ಚೀಲಗಳ ಸಮೇತ ಆಗಲೇ ಅಲ್ಲಿದ್ದರು. ಮಾರನೆಯ ದಿನ ವಿಜಯದಶಮಿ, ಮೆರವಣಿಗೆ. ಆವತ್ತೇ ಹೊರಟು ಮೈಸೂರಿನಲ್ಲಿ ತಂಗಿ, ಬೆಳಿಗ್ಗೆಯೇ ಜಾಗ ಹಿಡಿಯಬೇಕೆಂದು ನಮ್ಮ ಲೆಕ್ಕ. ವ್ಯಾನಿಗೆ ಬಾಳೆಕಂದು ಕಟ್ಟಿಯಾಗಿತ್ತು, ಬೂದುಗುಂಬಳ ಒಡೆದಾಗಿತ್ತು. ಡ್ರೈವರ್ ಮಾತ್ರ ಬಾಗಿಲಲ್ಲಿ ತಲೆ ಕೆರೆದುಕೊಂಡು ನಿಂತಿದ್ದ.

"ಸಾರ್, ನಮ್ಮೋಳು ಕೀನೂ ಪೂಜೆಗೆ ಮಡಗ್ಬುಟ್ಟವ್ಳೆ."

ನಮ್ಮ ಕಡೆಯ ತಮಿಳರ ಮನೆಗಳಲ್ಲಿ ಆ ದಿನ ಸರಸ್ವತಿ ಪೂಜೆ. ಮಕ್ಕಳ ಪುಸ್ತಕ, ಗಂಡಸರ ಕಸುಬಿನ ಸಾಮಾನು ಒಮ್ಮೆ ದೇವರ ಮುಂದಿಟ್ಟರೆ ಮುಗಿಯಿತು. ದಶಮಿಯ ಪೂಜೆ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಒಳಗೆ ಇಣುಕಿದೆ. ಗಣಿತದ ಪುಸ್ತಕದ ಮೇಲೆ ಕೀ ಹೂವು ಮುಡಿದು ಮಲಗಿತ್ತು. ಮನೆಯಾಕೆ ತಮಿಳಿನಲ್ಲಿ ಖಡಾಖಂಡಿತವಾಗಿ ಹೇಳಿದರು, ಬೆಳಿಗ್ಗೆಯವರೆಗೆ ಅದನ್ನು ಎಬ್ಬಿಸುವ ಮಾತೇ ಇಲ್ಲ. ಬೇರೆ ಗಾಡಿ ನೋಡೋಣವೆಂದರೆ ಆವತ್ತು ಹೊಸೂರಿನ ಎಲ್ಲ ಕೀಗಳೂ ಹೀಗೆಯೇ ಮಲಗಿರುತ್ತವೆ.

ಅತ್ತೆ ಹೊಸ್ತಿಲ ಮೇಲೆ ಕೂತು, "ಕ್ಯಾಲೆಂಡ್ರು ತಗೊಂಬಾಮ್ಮಿ" ಅಂದಳು. ಗೋಡೆಯ ಮೇಲಿದ್ದ, ದಿನಕ್ಕೊಂದು ಹಾಳೆಯ ಕ್ಯಾಲೆಂಡರ್ ಬಂತು. ಇಬ್ಬರೂ ತಮಿಳು, ತೆಲುಗು, ಕನ್ನಡ ಮೂರರಲ್ಲೂ ವಿಚಾರಣೆ ನಡೆಸಿದರು. ಮಧ್ಯಾಹ್ನ ಎರಡಕ್ಕೇ ನವಮಿ ಮುಗಿದು ದಶಮಿ ಹುಟ್ಟುತ್ತದೆ ಎಂದು ಗೊತ್ತಾಯಿತು. ಮನೆಯಾಕೆಗೂ ಇದು ಧರ್ಮವಾಗಿ ಕಂಡಿತು. ಎರಡು ಹೊಡೆದ ಮೇಲೆ ಕರ್ಪೂರ ಹಚ್ಚಿ ಕೀ ಎತ್ತಿಕೊಟ್ಟರು.

ಮೂಲೆಯಲ್ಲಿ ಟಿವಿ ನೋಡುತ್ತಿದ್ದ ಡ್ರೈವರ್ ಮಕ್ಕಳಿಬ್ಬರೂ ನಮ್ಮನ್ನು ದುರುಗುಟ್ಟಿ ನೋಡಿದರು. ಯಾಕೆಂದು ಆಮೇಲೆ ತಿಳಿಯಿತು. ಕೀ ಕೊಟ್ಟ ಕೈಯಲ್ಲೇ ತಾಯಿ ಗಣಿತದ ಪುಸ್ತಕವನ್ನೂ ಎತ್ತಿ ಅವರ ಮುಂದೆ ಇಟ್ಟಿದ್ದರು. ಸರಸ್ವತಿ ಎದ್ದಾಗಿತ್ತಲ್ಲ!

ಎಲ್ಲಿ ಕಲಿತಿದ್ದು

ಮೈಸೂರಿನ ಬಾಗಿಲಲ್ಲೇ ಪೊಲೀಸಿನವರು ಕೈ ಅಡ್ಡ ಹಿಡಿದರು. ನಮ್ಮ ಬಾಳೆಕಂದಿನ ಎಲೆ ಬಾಗಿ ನಂಬರ್ ಪ್ಲೇಟನ್ನು ಪೂರ್ತಿ ಮುಚ್ಚಿತ್ತು. ಡ್ರೈವರ್ ಇಳಿದು ಎಲೆ ಸರಿಸಿದ. ತಮಿಳುನಾಡಿನ ನಂಬರ್ ಕಂಡದ್ದೇ ಆ ಪುಣ್ಯಾತ್ಮರು ನಮಗೆ ಉಪಕಾರ ಮಾಡಲೆಂದು ತಮಿಳಿನಲ್ಲಿ ಶುರು ಮಾಡಿದರು. ಎರಡು ಪದ ಬಂತು. ಮೂರನೆಯದಕ್ಕೆ ಆಕಾಶ ನೋಡಿದರು.

ಒಳಗಿಂದ ಅತ್ತೆ ಕರೆದಳು. "ಕನ್ನಡದಾಗೇ ಕೇಳಪ್ಪ, ಯಾಕ್ ಕಷ್ಟ ಬೀಳ್ತೀಯ? ದಸರಾ ನೋಡಾಕ್ ಬಂದಿದ್ದೀವಿ."

ಪೊಲೀಸಿನವರ ಮುಖ ಅರಳಿತು. "ಅಜ್ಜಿ, ತಮಿಳುನಾಡಿನವರಾದ್ರೂ ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದೀರಾ!"

ಏಳು ತಲೆಮಾರಿನಿಂದ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಆಡದ ವಂಶದ ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬಲು ಪ್ರೀತಿಯಿಂದ ಹೇಳಿದಳು, "ನೀನೂ ಚೆಂದಾಗೇ ಮಾತಾಡ್ತೀಯ ಕಣಪ್ಪ. ಎಲ್ ಕಲ್ತೆ?"

ಯಾರೂ ಕೂರದ ಜಾಗ

ಮಾರನೆಯ ದಿನ ಬೆಳಕು ಹರಿಯುವಷ್ಟರಲ್ಲಿ ಮೆರವಣಿಗೆಯ ದಾರಿಯಲ್ಲಿ ಫುಟ್‌ಪಾತ್ ಮೇಲೆ ಗೋಣಿಚೀಲ ಹಾಸಿದೆವು. ಒಳ್ಳೆಯ ಜಾಗ, ಮುಂದೆ ಹಗ್ಗ ಬಿಟ್ಟರೆ ಏನೂ ಅಡ್ಡವಿಲ್ಲ. ಡ್ರೈವರ್ ಗಾಡಿ ನಿಲ್ಲಿಸಲು ಎಲ್ಲೋ ದೂರ ಹೋಗಿದ್ದ. ಹೊಟ್ಟೆ ಚುರುಗುಟ್ಟುತ್ತಿತ್ತು, ಎದ್ದರೆ ಜಾಗ ಹೋಗುತ್ತದೆ. ಅತ್ತೆ ಚೀಲಕ್ಕೆ ಕೈಹಾಕಿ, ವ್ಯಾನಿನ ಚಕ್ರಕ್ಕಿಟ್ಟು ಮಿಕ್ಕಿದ್ದ ನಿಂಬೆಹಣ್ಣುಗಳನ್ನು ತೆಗೆದಳು. ಶರಬತ್ತಿಗೆಂದು ತಂದಿದ್ದಳಂತೆ. ಎರಡನ್ನು ಹೋಳು ಮಾಡಿ, ಕುಂಕುಮ ಮೆತ್ತಿ, ಗೋಣಿಚೀಲದ ನಾಲ್ಕು ಮೂಲೆಗೂ ಒಂದೊಂದು ಇಟ್ಟಳು.

"ಅತ್ತೆ, ಇದೇನಿದು?" ಅಂದೆ.

"ನಿಂಬೇಹಣ್ಣು ಕಣ್ಲಾ. ನಾನೇನ್ ಮಂತ್ರ ಆಕಿದ್ನಾ? ನೋಡ್ದೋರು ಏನಾನ ಅಂದ್ಕಂಡ್ರೆ ಅದು ಅವ್ರ ಪಾಡು."

ಇಡ್ಲಿ ತಿಂದು ಬರುವಷ್ಟರಲ್ಲಿ ಬೀದಿಯಲ್ಲಿ ಸಾಸಿವೆ ಹಾಕಲು ಜಾಗವಿರಲಿಲ್ಲ. ನಮ್ಮ ಗೋಣಿಚೀಲ ಮಾತ್ರ ಖಾಲಿ. ಅದರ ಸುತ್ತ ಇನ್ನೊಂದು ಮಾರು ಖಾಲಿ. ನಾವು ಹೋಗಿ ಆರಾಮಾಗಿ ಕಾಲು ಚಾಚಿ ಕೂತಾಗ ಪಕ್ಕದವರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಡ್ರೈವರ್ ಫೋನ್ ಬಂತು. ನೋಡಿದರೆ ಎದುರಿನ ಮರದ ಕೆಳಗೇ ನಿಂತಿದ್ದಾನೆ. "ಸಾರ್, ಅಲ್ಲಿ ಕೂರಬ್ಯಾಡ್ರಿ, ಬೇಗ ಎದ್ ಬನ್ರಿ. ಯಾರೋ ಮಾಟ ಮಾಡಿ ಮಡಗವ್ರೆ."

"ಏ, ಅದು ನಿನ್ನ ಗಾಡಿ ನಿಂಬೆಹಣ್ಣೇ ಕಣಯ್ಯ!"

"ಅಯ್ಯೋ, ಮಾಟ ನನ್ ಗಾಡೀಗೇ ಮಾಡವ್ರಾ?" ಎಂದವನೇ ಗಾಡಿ ನಿಲ್ಲಿಸಿದ ಕಡೆಗೆ ಓಡಿದ.

ಕೊನೆಗೂ ಬಂತು

ಬಿಸಿಲು ನೆತ್ತಿಗೇರಿತು, ಇಳಿಯಿತು. ಸ್ತಬ್ಧಚಿತ್ರಗಳು ಹೋದವು, ಡೊಳ್ಳಿನವರು ಹೋದರು, ಪೂಜೆಕುಣಿತದವರು ಹೋದರು. ಅತ್ತೆ ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಒಬ್ಬಾತ ಸ್ತಬ್ಧಚಿತ್ರದ ಮೇಲಿಂದ ಕೈಬೀಸಿದರೆ, "ನೀನ್ ನಡಿಯಪ್ಪ ಮುಂದಕ್ಕೆ, ಹಿಂದೆ ಅವ್ವ ಬತ್ತಾವ್ಳೆ" ಅಂದಳು. ಮೂರು ಸಲ ಮುಖ ಒರೆಸಿಕೊಂಡಳು, ಹೊಸ ಸೀರೆಯ ಸೆರಗು ಸರಿಮಾಡಿಕೊಂಡಳು.

ಕೊನೆಗೆ ದೂರದಲ್ಲಿ ಜನ ಹೋ ಎಂದರು. ಎಲ್ಲರೂ ಎದ್ದು ನಿಂತರು. ಕುಳ್ಳಗಿರುವ ಅತ್ತೆಗೆ ಬೆನ್ನುಗಳ ಹೊರತು ಏನೂ ಕಾಣದು. ಕಡಲೆಕಾಯಿ ಮಾರುವವನ ಪ್ಲಾಸ್ಟಿಕ್ ಸ್ಟೂಲು ಬೇಡಿ ತಂದು, ನಾನೂ ಹೆಂಡತಿಯೂ ಎರಡು ಕಡೆ ಹಿಡಿದು ಅವಳನ್ನು ಹತ್ತಿಸಿದೆವು. ಸ್ಟೂಲು ಅಲುಗದಂತೆ ನಾನು ಬಗ್ಗಿ ಹಿಡಿದುಕೊಂಡೆ.

"ಬಂತತ್ತೆ! ಬಂತು, ನೋಡು!" ಎಂದು ಹೆಂಡತಿ ಕೂಗಿದಳು. ಬಿಸಿಲಿಗೆ ಅಂಬಾರಿ ಧಗಧಗ ಅನ್ನುತ್ತಿತ್ತಂತೆ. ಜನ ಹೂವು ಎರಚಿದರು. ನಾನು ತಲೆಯೆತ್ತಿ ಅತ್ತೆಯ ಮುಖ ನೋಡಿದೆ.

ಅತ್ತೆ ಕೈಮುಗಿದು ಕಣ್ಣು ಮುಚ್ಚಿ ನಿಂತಿದ್ದಳು. ತುಟಿ ಪಟಪಟ ಆಡುತ್ತಿತ್ತು. ಮೊದಲು ಮಕ್ಕಳು, ಆಮೇಲೆ ಮೊಮ್ಮಕ್ಕಳು, ಒಬ್ಬೊಬ್ಬರನ್ನೇ ಹೆಸರು ಹಿಡಿದು ತಾಯಿಗೆ ಒಪ್ಪಿಸುತ್ತಿದ್ದಳು.

"ಅತ್ತೆ, ಕಣ್ಣು ಬಿಡು! ಕಣ್ಣು ಬಿಡತ್ತೆ!"

ಸುಮ್ಮನಿರು ಎಂದು ಕೈಸನ್ನೆ ಮಾಡಿ ಮುಂದುವರಿಸಿದಳು. ಸೊಸೆಯ ತವರು ಆಯಿತು, ಹಸು ಆಯಿತು, ಬೋರ್‌ವೆಲ್ ಆಯಿತು. ನನ್ನ ಹೆಸರೂ ಬಂತು, ಪ್ರಮೋಷನ್ ಸಮೇತ. ಎಲ್ಲ ಮುಗಿಸಿ, ಕೆನ್ನೆಗೆ ಬಡಿದುಕೊಂಡು ಕಣ್ಣು ಬಿಟ್ಟಳು. ಎದುರಿಗೆ ಪೊಲೀಸಿನ ಕುದುರೆಗಳು ಹೋಗುತ್ತಿದ್ದವು.

"ಎಲ್ಲಿ ಬಂತು?"

"ಹೋಯ್ತು" ಅಂದೆ.

ಹೆಂಡತಿ ಅಳುವ ಹಾಗಾದಳು. ಅತ್ತೆ ಸ್ಟೂಲಿನ ಮೇಲೆಯೇ ನಿಂತು ದಾರಿಯ ಆ ತುದಿಯವರೆಗೆ ಕತ್ತು ಚಾಚಿ ನೋಡಿದಳು. ಬರೀ ಜನ, ಧೂಳು. ಬಹಳ ಹೊತ್ತಾದ ಮೇಲೆ ನನ್ನ ಹೆಗಲಿಗೆ ಕೈಯೂರಿ ಮೆಲ್ಲಗೆ ಇಳಿದಳು.

"ಅವ್ಳು ನನ್ನ ನೋಡಿದ್ಲೇನ್ಲಾ?"

"ನೋಡಿದ್ಲತ್ತೆ. ನೀನೇ ಎಲ್ಲರಿಗಿಂತ ಎತ್ತರದಲ್ಲಿದ್ದೆ."

ಅತ್ತೆ ಸಮಾಧಾನದಿಂದ ಸೆರಗು ಕೊಡವಿಕೊಂಡಳು.

"ಸರಿ ಬುಡು. ಅವಳ್ಗೆ ನನ್ ದರ್ಸನ ಆಯ್ತಲ್ಲ. ನನ್ಗೆ ಅವಳ್ದು ಮುಂದಿನ್ ವರ್ಸ ಆಯ್ತದೆ."