ಫ್ಯೂಸು ಕಿಸೆಯಲ್ಲಿಟ್ಟುಕೊಂಡ ಮನುಷ್ಯ

ನನ್ನ ತಂಗಿಯ ಗಂಡನಷ್ಟು ಕತ್ತಲೆಯನ್ನು ಪ್ರೀತಿಸುವ ಪ್ರಾಣಿ ಹಾವೇರಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಗೂಬೆಗಳು ಕ್ಷಮಿಸಬೇಕು. ಬ್ಯಾಡಗಿಯಲ್ಲಿ ಮೂವತ್ತು ವರ್ಷ ಲೈನ್‌ಮನ್ ಆಗಿ ಊರಿಗೆಲ್ಲ ಬೆಳಕು ಕೊಟ್ಟು ನಿವೃತ್ತನಾದವನ ಬಗ್ಗೆ ಹೀಗೆ ಬರೆಯಬಾರದು, ಗೊತ್ತು. ಆದರೆ ನನಗೆ ಸಿಟ್ಟು ಬಂದಿದೆ, ಮತ್ತು ನಾನು ಸಿಟ್ಟನ್ನು ಕೂಡ ಅರ್ಧಕ್ಕೆ ಬಿಡುವವನಲ್ಲ.

ಹೊಸರಿತ್ತಿಯ ವಸತಿಶಾಲೆಯಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು ನಾನು. ಆಮೇಲೆ ಹಾವೇರಿಯಲ್ಲಿ ಡ್ರಿಲ್ ಮಾಸ್ತರನಾಗಿ ಅದೇ ಗಂಟೆಯನ್ನು ಇತರರ ಕಿವಿಯಲ್ಲಿ ಬಾರಿಸಿದೆ. ಇಂಥವನಿಗೆ ಇಂಥ ನೆಂಟ!

ಅವನು ಯಾರ ಮನೆಗೆ ಹೋದರೂ ಮೊದಲು ಕುಶಲ ವಿಚಾರಿಸುವುದು ಮೀಟರಿನದು, ಆಮೇಲೆ ಮನುಷ್ಯರದು. ಫ್ರಿಜ್ಜು, ಮಿಕ್ಸರು, ಮೋಟರು ಎಲ್ಲವನ್ನೂ ಮುಂಗೈಯಿಂದ ಮುಟ್ಟಿ ನೋಡುತ್ತಾನೆ. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳು ಮಡಿಸಿ ಹಿಡಿದುಕೊಳ್ಳುತ್ತದಂತೆ. ಒಮ್ಮೆ ನಮ್ಮ ಕುಕ್ಕರನ್ನೂ ಹಾಗೇ ಮುಟ್ಟಿ ಸುಟ್ಟುಕೊಂಡ.

"ಅದು ಗ್ಯಾಸಿನ ಮ್ಯಾಲೈತೋ ಮಾರಾಯಾ" ಎಂದೆ.

"ರೂಢಿರಿ ಮಾಸ್ತರ" ಎಂದು ಕೈ ಊದಿಕೊಂಡ.

ರಾಣೇಬೆನ್ನೂರಿನ ಒಂದು ಮದುವೆಯಲ್ಲಿ ಮಾಡಿದ್ದನ್ನು ಹೇಗೆ ಮರೆಯಲಿ? ಮಳೆ ಬಂದು ಕರೆಂಟು ಹೋಯಿತು, ಜನರೇಟರು ಶುರುವಾಯಿತು. ಜನ ಹೋಳಿಗೆಗೆ ಕೈ ಹಾಕಿದ್ದರು. ಇವನು ಊಟ ಬಿಟ್ಟು ಎದ್ದು ಹಿಂದೆ ಹೋದ. ಮರುಕ್ಷಣವೇ ಮಂಟಪ ಕತ್ತಲಾಯಿತು. ಬಡಿಸುವವನು ಸುರಿದ ತುಪ್ಪ ನನ್ನ ನೀರಿನ ಲೋಟಕ್ಕೆ ಬಿತ್ತು. ವೈರಿಂಗ್ ಸರಿಯಿಲ್ಲವೆಂದು ಇವನು ಜನರೇಟರಿನ ತಂತಿ ಕಿತ್ತಿದ್ದ! "ಈ ಪುಣ್ಯಾತ್ಮನ್ನ ಕರಕೊಂಡು ಬಂದೋರು ಯಾರ್ರಿ?" ಎಂದು ಹೆಣ್ಣಿನ ತಂದೆ ಗುಡುಗಿದಾಗ ನಾನು ಬಾಳೆಲೆಯ ಮೇಲೆ ಇನ್ನಷ್ಟು ಬಾಗಿದೆ.

ಇದನ್ನೆಲ್ಲ ನುಂಗಿಕೊಂಡಿದ್ದೆ. ಈ ಸಲದ ಬಿರುಗಾಳಿಯಲ್ಲಿ ಮಾತ್ರ ನನ್ನ ಸಹನೆಯ ಕಂಬವೂ ಉರುಳಿತು.

ಮಧ್ಯಾಹ್ನ ಎದ್ದ ಗಾಳಿ ಬ್ಯಾಡಗಿಯ ಮಾರುಕಟ್ಟೆಯ ತಗಡುಗಳನ್ನು ಹಾರಿಸಿತು, ಕಂಬಗಳನ್ನು ಮಲಗಿಸಿತು, ಜೊತೆಗೆ ಮೆಣಸಿನಕಾಯಿಯ ಘಾಟನ್ನು ಊರ ತುಂಬ ಹರಡಿತು. ನನ್ನ ತಂಗಿಗೆ ಉಬ್ಬಸ. ಔಷಧಿಯನ್ನು ಹೊಗೆ ಮಾಡಿ ಮೂಗಿಗೆ ಕೊಡುವ ಪುಟ್ಟ ಯಂತ್ರ ಆರು ತಾಸಿಗೊಮ್ಮೆ ನಡೆಯಲೇಬೇಕು. ಕರೆಂಟಿಲ್ಲ. ಮರುದಿನ ಬೆಳಿಗ್ಗೆ ಫೋನಿನಲ್ಲಿ ಅವಳು "ಅಣ್ಣಾ" ಎಂದಳು, ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

ಬಾಡಿಗೆ ಜನರೇಟರು ಹೇರಿಕೊಂಡು ಒಂಬತ್ತೂವರೆಗೆ ಬ್ಯಾಡಗಿ ಮುಟ್ಟಿದೆ. ಹೆಂಡತಿ ಏದುಸಿರು ಬಿಡುತ್ತಿದ್ದರೆ ಗಂಡನೆಲ್ಲಿ? ಓಣಿಯ ಕೊನೆಯಲ್ಲಿ, ಕಂಬ ಹತ್ತಿದ ಲೈನ್‌ಮನ್‌ಗಳಿಗೆ ಬುದ್ಧಿ ಹೇಳುತ್ತ ನಿಂತಿದ್ದಾನೆ, ಪಿಂಚಣಿ ತಿನ್ನುವ ಮುದುಕ! ನಾನು ಕಾಯಲಿಲ್ಲ. ಎಲ್ಲರೂ ಮಾಡುವಂತೆ ಜನರೇಟರಿನ ತಂತಿಗೆ ಪಿನ್ ಹಾಕಿ ಗೋಡೆಯ ಸಾಕೆಟ್ಟಿಗೆ ತೂರಿಸಿದೆ. ಮನೆಯೆಲ್ಲ ಬೆಳಗಿತು. ಯಂತ್ರ ಗುರ್ರೆಂದಿತು. ತಂಗಿ ಮುಖಕ್ಕೆ ಮಾಸ್ಕು ಒತ್ತಿಕೊಂಡಳು.

ಸದ್ದು ಕೇಳಿ ಓಡಿ ಬಂದ. ಚಪ್ಪಲಿ ಒಂದೇ ಕಾಲಲ್ಲಿತ್ತು. ಬಂದವನೇ ತಂತಿ ಕಿತ್ತ, ಮೀಟರಿನ ಫ್ಯೂಸು ತೆಗೆದು ಕಿಸೆಗೆ ಹಾಕಿಕೊಂಡ. ಯಂತ್ರ ನಿಂತಿತು.

"ಹುಚ್ಚ ಹಿಡದೈತೇನು ನಿನಗ? ಆಕಿ ಸಾಯಾಕತ್ತಾಳ!"

"ಮಾಸ್ತರ, ನೀವು ಕೊಟ್ಟ ಕರೆಂಟು ಮೀಟರು ದಾಟಿ ಹಿಂದಕ್ಕ ಹೋಗಿ ಕಂಬ ಹತ್ತತೈತಿ. ತಂತಿ ಸತ್ತೈತಿ ಅಂತ ತಿಳಕೊಂಡು ಅವರು ಅಲ್ಲಿ ಕೈ ಹಚ್ಯಾರ."

"ಫ್ಯೂಸು ಕೊಡು."

"ಕೊಡಂಗಿಲ್ಲ."

ನಾನು ಅವನ ಅಂಗಿಯ ಕಾಲರಿಗೆ ಕೈ ಹಾಕಿದೆ. ಅರವತ್ತೆಂಟು ವರ್ಷದ ನಾನು, ಅರವತ್ತೆರಡರ ಅವನು. ಅವನು ನನ್ನ ಕೈಯಿಂದ ಜಾರಿ, ಬೇರೊಂದು ತಂತಿ ಹುಡುಕಿ, ತುದಿ ಹೆರೆದು, ಗೋಡೆಯನ್ನು ಮುಟ್ಟಿಸದೆ ಜನರೇಟರಿನಿಂದ ನೇರವಾಗಿ ಯಂತ್ರಕ್ಕೆ ಜೋಡಿಸತೊಡಗಿದ. ತಂಗಿಯ ತುಟಿ ನೀಲಿಗೆ ತಿರುಗುತ್ತಿತ್ತು. ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ನಾಲ್ವತ್ತು ವರ್ಷ ಮಕ್ಕಳಿಗೆ ಬಳಸಬೇಡಿರೆಂದು ಕಲಿಸಿದ ಶಬ್ದಗಳೂ ಬಂದವು. ಹನ್ನೊಂದು ನಿಮಿಷ. ಯಂತ್ರ ಮತ್ತೆ ಗುರ್ರೆಂದಿತು.

ಸ್ವಲ್ಪ ಹೊತ್ತಿಗೆ ಅವಳ ಎದೆಯ ಸೀಟಿ ಸಣ್ಣದಾಯಿತು. ಮಾಸ್ಕು ಸರಿಸಿದಳು. ಈಗ ಗಂಡನಿಗೆ ಸರಿಯಾಗಿ ಬೀಳುತ್ತದೆ ಎಂದು ನಾನು ತಯಾರಾಗಿ ಕುಳಿತೆ. ಸಿಕ್ಕ ಮೊದಲ ಪೂರ್ತಿ ಉಸಿರಿನಲ್ಲಿ ಅವಳು ಕೇಳಿದ್ದು ಒಂದೇ.

"ಮ್ಯಾಲಿದ್ದೋರಿಗೆ ಏನೂ ಆಗಿಲ್ಲಲ್ರಿ?"

"ಇಲ್ಲ. ನಾಲ್ಕೂ ಮಂದಿ ಅರಾಮ ಅದಾರ" ಎಂದ ಗಂಡ.

ಅವಳು ಕಣ್ಣು ಮುಚ್ಚಿಕೊಂಡಳು. "ಅಣ್ಣಾ, ಮಳಿಗಾಲ ಬಂದ್ರ ಮೂವತ್ತು ವರ್ಷ ನಾ ಇದನ್ನ ಬಾಗಲದಾಗ ನಿಂತು ಹೋಗೋರಿಗೆ ಬರೋರಿಗೆ ಕೇಳೀನಿ" ಎಂದಳು. "ಆ ಹುಡುಗರ ಮನ್ಯಾಗೂ ಯಾರರ ನಿಂತಿರ್ತಾರ. ಚಾ ಮಾಡಿ ಒಯ್ದು ಕೊಟ್ಟು ಬಾ."

ಚಹಾ ಕಿಟಲಿ ಹಿಡಿದು ಓಣಿಯ ಕೊನೆಗೆ ಹೋದೆ. ಮೂವರು ಕೆಳಗಿದ್ದರು. ಒಬ್ಬ ಮಾತ್ರ ಕಂಬಕ್ಕೆ ಕಾಲು ಸುತ್ತಿ ಎರಡೂ ಕೈಯಿಂದ ತಂತಿ ಎಳೆಯುತ್ತಿದ್ದ. "ಅಜ್ಜಾರ, ಚಾ ಆರತೈತಿ, ಹಾಕಿ ಹೋಗ್ರಿ" ಎಂದರು ಕೆಳಗಿದ್ದವರು.

ಮೇಲಿದ್ದವನು ಇಳಿಯುವವರೆಗೂ ನಾನು ಕಿಟಲಿ ಬಗ್ಗಿಸಲಿಲ್ಲ.