ಶಿಕ್ಷಕರ ಬಾಲಾಪರಾಧ ತಿಳಿವಳಿಕೆ ತರಬೇತಿ ಮತ್ತು ಬಿಸ್ಕತ್ತಿನ ಡಬ್ಬಿ

ಸಂಖ್ಯೆ: ಶಾ.ತ.ವಿ/ಬಾ.ತಿ/ಡಬ್ಬಿ/17

ಸುತ್ತೋಲೆ

ವಿಷಯ: ಬಾಲಾಪರಾಧವನ್ನು ಅರ್ಥ ಮಾಡಿಕೊಳ್ಳುವ ಬಗ್ಗೆ ಶಾಲಾ ಶಿಕ್ಷಕರಿಗೆ ನಡೆದ ಮೂರು ದಿನಗಳ ವಸತಿ ತರಬೇತಿ, ಅಲ್ಲಿ ಸಂಭವಿಸಿದ ಅಪರಾಧ ಹಾಗೂ ಮುಂದಿನ ಕ್ರಮ.

ಉಲ್ಲೇಖ:
(ಅ) ಶಾಲಾ ಕಾವಲುಗಾರರ ಮೌಖಿಕ ವರದಿ: ಎರಡನೇ ದಿನ ರಾತ್ರಿ 11.40ಕ್ಕೆ ಮುಖ್ಯೋಪಾಧ್ಯಾಯರ ಕೊಠಡಿಯ ಕಡೆಯಿಂದ ತಗಡಿನ ಮುಚ್ಚಳ ತೆರೆದಂತೆ ‘ಟಪ್’ ಎಂಬ ಸಣ್ಣ ಸದ್ದು.
(ಆ) ಸದರಿಯವರ ಪೂರಕ ವರದಿ: 11.45ಕ್ಕೆ ಇನ್ನೊಂದು ‘ಟಪ್’.
(ಇ) ಅನುಬಂಧ-2ರಿಂದ ಹೆಸರೊಂದನ್ನು ಕೈಬಿಡುವಂತೆ ಹೊಲಿಗೆ ಶಿಕ್ಷಕಿಯವರ ಮನವಿ (ಅಂಚು ಬಿಡದೆ ಬರೆದಿರುವುದರಿಂದ ಎರಡು ಬಾರಿ ಹಿಂದಿರುಗಿಸಲಾಗಿದೆ).

ಮಕ್ಕಳು ಏಕೆ ತಪ್ಪು ಮಾಡುತ್ತಾರೆಂಬುದನ್ನು ಶಿಕ್ಷಕರು ಸಹಾನುಭೂತಿಯಿಂದ ಅರಿಯಲೆಂಬ ಉದ್ದೇಶದಿಂದ ಮೇಲ್ಕಂಡ ತರಬೇತಿಯನ್ನು ಏರ್ಪಡಿಸಲಾಗಿತ್ತು. ಸಹಾನುಭೂತಿಗೆ ಮೊದಲ ದಿನ ಮಧ್ಯಾಹ್ನ ಎರಡರಿಂದ ಎರಡೂಮುಕ್ಕಾಲರವರೆಗೆ ಸಮಯ ನಿಗದಿಯಾಗಿತ್ತು. ಊಟ ತಡವಾದ ಕಾರಣ ಆ ಅವಧಿಯನ್ನು ಕೈಬಿಡಲಾಯಿತು. ಉಳಿದಂತೆ ತರಬೇತಿ ಯಶಸ್ವಿಯಾಗಿದ್ದು, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಕಿಟಕಿಯಾಚೆ ನೋಡುವುದು, ಪದೇ ಪದೇ ನೀರು ಕುಡಿಯಲು ಹೋಗುವುದು, ಹಿಂದಿನ ಬೆಂಚನ್ನು ಬಯಸುವುದು, ಗೆಳೆಯರ ಪರವಾಗಿ ಹಾಜರಿ ಕೂಗುವುದು ಇವು ಅಪರಾಧ ಪ್ರವೃತ್ತಿಯ ಲಕ್ಷಣಗಳೆಂದು ಕೈಪಿಡಿಯಲ್ಲಿ ಹೇಳಲಾಗಿದೆ. ಇವು ಮಕ್ಕಳಲ್ಲಿ ಕಂಡರೆ ‘ಪ್ರವೃತ್ತಿ’ ಎಂದೂ, ಶಿಬಿರಕ್ಕೆ ಬಂದ ಶಿಕ್ಷಕರಲ್ಲಿ ಕಂಡರೆ ‘ದಣಿವು’ ಎಂದೂ ದಾಖಲಿಸತಕ್ಕದ್ದು.

2. ಎರಡನೇ ದಿನ ನಲವತ್ತೆರಡು ಶಿಕ್ಷಕರ ಪೈಕಿ ನಲವತ್ತು ಮಂದಿ ಹಿಂದಿನ ಎರಡು ಸಾಲುಗಳಲ್ಲಿ ಆಸೀನರಾಗಿದ್ದು, ಕಿಟಕಿ ಪಕ್ಕದ ಜಾಗಕ್ಕಾಗಿ ಗಣಿತ ಮತ್ತು ಚಿತ್ರಕಲಾ ಶಿಕ್ಷಕರ ನಡುವೆ ನಡೆದ ತಳ್ಳಾಟವನ್ನು ‘ಗುಂಪು ಚಟುವಟಿಕೆ’ ಎಂದು ಪರಿಗಣಿಸಲಾಗಿದೆ. ಮೊದಲ ದಿನ ಪೇಟೆಗೆ ಹೋಗಿದ್ದ ಆರು ಮಂದಿಯ ಪರವಾಗಿ ದೈಹಿಕ ಶಿಕ್ಷಕರು ಆರು ಬಗೆಯ ಕೈಬರಹದಲ್ಲಿ ಸಹಿ ಮಾಡಿರುವುದನ್ನು ಇಲಾಖೆಯು ಮೆಚ್ಚಿಕೊಂಡಿದೆ. ಅಂತಿಮ ಪರೀಕ್ಷೆಯಲ್ಲಿ ಎಲ್ಲರೂ ಏಳನೇ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದಿರುವುದು ಒಮ್ಮತದ ದ್ಯೋತಕವಾಗಿದೆ.

3. ಪ್ರತಿ ಶಿಕ್ಷಕರೂ ತಮ್ಮ ಶಾಲೆಯ ಒಂದು ಅಪರಾಧಿ ಮಗುವನ್ನು ಗುರುತಿಸಿ ಅನುಬಂಧ-2ರಲ್ಲಿ ನಮೂದಿಸಬೇಕಿತ್ತು. “ಅಂಥ ಮಕ್ಕಳಿಲ್ಲ” ಎಂದು ಬರೆಯಲು ನಮೂನೆಯಲ್ಲಿ ಜಾಗವಿರುವುದಿಲ್ಲ. ಶಿಬಿರ ನಡೆದ ಶಾಲೆಯವರೇ ಆದ ಹೊಲಿಗೆ ಶಿಕ್ಷಕಿಯವರು ಅಂಕಣವನ್ನು ಖಾಲಿ ಬಿಟ್ಟಿದ್ದರಿಂದ, ಸಹೋದ್ಯೋಗಿಗಳು ಸೌಜನ್ಯಪೂರ್ವಕವಾಗಿ ಅದನ್ನು ತುಂಬಿಕೊಟ್ಟರು. ಚಹದ ವೇಳೆ ಸದರಿ ಶಿಕ್ಷಕಿಯವರು, “ಬೀರುವಿನ ಕೀಲಿ ಕಳೆದುಹೋಗಿತ್ತು ಕಣ್ರೀ. ನಮ್ಮ ಗುಬ್ಬಿ ಒಂದು ಹೆಣಿಗೆ ಕಡ್ಡಿ ಹಾಕಿ ತೆಗೆದೇ ಬಿಟ್ಲು. ಜಾಣೆ ಅಂದ್ರೆ ಜಾಣೆ” ಎಂದು ಹೊಗಳಿದ್ದರಿಂದ, ಗುಬ್ಬಿ ಎಂದು ಕರೆಯಲ್ಪಡುವ ಏಳನೇ ತರಗತಿಯ ವಿದ್ಯಾರ್ಥಿನಿಯನ್ನು ನಮೂದಿಸಲಾಯಿತು.

4. ಮೂರನೇ ದಿನ ಬೆಳಗ್ಗೆ ಶಿಬಿರದ ಬಿಸ್ಕತ್ತಿನ ಡಬ್ಬಿ ಕಾಣೆಯಾಗಿರುವುದು ಗಮನಕ್ಕೆ ಬಂದಿತು. ಹೆಸರು ಮೊದಲೇ ಸಿದ್ಧವಿದ್ದುದರಿಂದ ತಪ್ಪಿತಸ್ಥರನ್ನು ಹುಡುಕುವ ಸಮಯ ಉಳಿತಾಯವಾಯಿತು.

5. ವಿದ್ಯಾರ್ಥಿನಿಯು ಹಿಂದಿನ ರಾತ್ರಿ ಶಾಲೆಯಲ್ಲಿರಲಿಲ್ಲ. ಬಟ್ಟೆ ಇಸ್ತ್ರಿ ಮಾಡುವ ಆಕೆಯ ತಾಯಿ ನೀಡಿದ ಹೇಳಿಕೆ: “ಒಂಬತ್ತಕ್ಕೆಲ್ಲ ನನ್ನ ಪಕ್ಕ ಬಿದ್ಕೊಂಡಿರ್ತಾಳೆ ಸಾರ್. ಕಾಲು ನನ್ನ ಹೊಟ್ಟೆ ಮೇಲೆ. ನನಗೇ ಏಳಕ್ಕಾಗಲ್ಲ, ಅವಳೆಲ್ಲಿಂದ ಬರ್ತಾಳೆ ನಿಮ್ಮ ಡಬ್ಬಿ ಹತ್ರ?” ಕೃತ್ಯದ ವೇಳೆ ಸ್ಥಳದಲ್ಲಿ ಇಲ್ಲದಿರುವುದು ನುರಿತ ಅಪರಾಧಿಯ ಲಕ್ಷಣವೆಂದು ತೀರ್ಮಾನಿಸಲಾಗಿದೆ. ಇತರ ಮುನ್ನೂರು ಮಕ್ಕಳೂ ಸ್ಥಳದಲ್ಲಿರಲಿಲ್ಲವಾದರೂ ಅವರ ಹೆಸರು ಈ ಶಾಲೆಯ ಅನುಬಂಧದಲ್ಲಿರುವುದಿಲ್ಲ.

6. ವಿದ್ಯಾರ್ಥಿನಿಯ ಹೇಳಿಕೆ: “ಆ ಬಿಸ್ಕತ್ತನ್ನ ಯಾರು ಕದೀತಾರೆ ಮಿಸ್? ಹೋದ್ಸಲ ಮೀಟಿಂಗಲ್ಲಿ ಮಿಕ್ಕಿದ್ದು ನಮಗೆ ಕೊಟ್ಟಿದ್ರಲ್ಲ, ಹಲ್ಲಿಗೆ ಅಂಟ್ಕೊಂಡು ಸಂಜೆವರೆಗೂ ಬಿಡ್ಲಿಲ್ಲ.” ಇದನ್ನು ಕಳವಾದ ಮಾಲಿನ ಪೂರ್ವಪರಿಚಯವೆಂದು ದಾಖಲಿಸಲಾಗಿದೆ.

7. ಇನ್ನು ಮುಂದೆ ಮಗು ಒಂಟಿಯಾಗಿ ನಕ್ಕರೆ ನಮೂನೆ ‘ಕ’, ಗುಂಪಿನಲ್ಲಿ ನಕ್ಕರೆ ನಮೂನೆ ‘ಖ’, ನಗದಿದ್ದರೆ ನಮೂನೆ ‘ಗ’ (ಮೂರು ಪ್ರತಿಗಳಲ್ಲಿ) ಭರ್ತಿ ಮಾಡತಕ್ಕದ್ದು. ಶಿಕ್ಷಕರು ಕಾರಣ ಕೇಳುವ ಅಗತ್ಯವಿಲ್ಲ, ಕಾರಣಕ್ಕೆ ಅಂಕಣವಿಲ್ಲ.

8. ಅಪರಾಧವು ಸದ್ದಿನಿಂದಲೇ ಬೆಳಕಿಗೆ ಬಂದಿರುವುದರಿಂದ, ಎಲ್ಲ ಶಾಲೆಗಳ ಡಬ್ಬಿಗಳ ಬಾಯಿಗೆ ಬಟ್ಟೆ ಸುತ್ತತಕ್ಕದ್ದು. ಸದ್ದು ನಿಂತರೆ ಅಪರಾಧಗಳ ಸಂಖ್ಯೆ ಗಣನೀಯವಾಗಿ ಇಳಿಯುವುದೆಂದು ನಿರೀಕ್ಷಿಸಲಾಗಿದೆ.

9. ವಿದ್ಯಾರ್ಥಿನಿಯ ಹೆಸರನ್ನು ನಿಗಾ ಪುಸ್ತಕಕ್ಕೆ ಏರಿಸಲಾಗಿದೆ. ತತ್ಪರಿಣಾಮ, ಪ್ರವೇಶ ಪರೀಕ್ಷೆಯಲ್ಲಿ ಮೊದಲಿಗಳಾಗಿ ಆಕೆ ಪಡೆದಿದ್ದ ವಸತಿ ಪ್ರೌಢಶಾಲೆಯ ಸೀಟು ರದ್ದಾಗತಕ್ಕದ್ದು. ಆಕ್ಷೇಪಣೆಯಿದ್ದಲ್ಲಿ ತಾಯಿಯು ಏಳು ದಿನಗಳೊಳಗೆ ಲಿಖಿತ ಆಧಾರ ಸಹಿತ ಮೇಲಧಿಕಾರಿಗಳಿಗೆ ಸಲ್ಲಿಸಬಹುದು. ಬಾಯಿಮಾತನ್ನು ಪರಿಗಣಿಸಲಾಗುವುದಿಲ್ಲ.

10. ದಾಸ್ತಾನು ಪುಸ್ತಕವನ್ನು ಸರಿಪಡಿಸಲೇಬೇಕಾಗಿರುವುದರಿಂದ ಈ ಕೆಳಗಿನದನ್ನು ದಾಖಲಿಸಲಾಗಿದೆ: ಸದರಿ ಡಬ್ಬಿಯು ತರುವಾಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ತಂಗಿದ್ದ ತರಬೇತಿ ಅಧಿಕಾರಿಯವರ ಮಂಚದ ಕೆಳಗೆ, ಅವರ ಚಪ್ಪಲಿಗಳ ಹಿಂದೆ ಪತ್ತೆಯಾಗಿದೆ. ದಿಂಬಿನ ಮೇಲೆ ಪುಡಿ ಇತ್ತು. ಡಬ್ಬಿಯನ್ನು ಭದ್ರತೆಗಾಗಿ ಇರಿಸಿಕೊಂಡಿದ್ದಾಗಿಯೂ, ಗುಣಮಟ್ಟವನ್ನು ಎರಡು ಬಾರಿ ಪರಿಶೀಲಿಸಿದ್ದಾಗಿಯೂ ಅಧಿಕಾರಿಯವರು ನೀಡಿದ ವಿವರಣೆಯನ್ನು ಅಧಿಕಾರಿಯವರೇ ಒಪ್ಪಿಕೊಂಡಿದ್ದಾರೆ. ಅನುಬಂಧ-2ನ್ನು ತಿದ್ದಲು ಅವಕಾಶವಿಲ್ಲದ ಕಾರಣ 9ನೇ ಕಂಡಿಕೆಯು ಯಥಾವತ್ತಾಗಿ ಜಾರಿಯಲ್ಲಿರುತ್ತದೆ.

11. ಇಷ್ಟರ ಮೇಲೂ ಬಾಲಾಪರಾಧವನ್ನು ಅರ್ಥ ಮಾಡಿಕೊಳ್ಳದ ಶಿಕ್ಷಕರು ಮರುತರಬೇತಿಗೆ ಹಾಜರಾಗತಕ್ಕದ್ದು. ಬಿಸ್ಕತ್ತನ್ನು ಅವರೇ ತರುವುದು.

(ಸಹಿ/-)
ತರಬೇತಿ ಅಧಿಕಾರಿ

ಪ್ರತಿಗಳು:
1. ಎಲ್ಲ ಮುಖ್ಯೋಪಾಧ್ಯಾಯರಿಗೆ, ಮಾಹಿತಿಗಾಗಿ.
2. ಹೊಲಿಗೆ ಶಿಕ್ಷಕಿಯವರಿಗೆ, ಓದಿ ಮರಳಿಸುವ ಸೂಚನೆಯೊಂದಿಗೆ.
3. ದೈಹಿಕ ಶಿಕ್ಷಕರಿಗೆ, ತಲುಪದವರ ಪರವಾಗಿ ಸ್ವೀಕೃತಿ ಸಹಿ ಮಾಡಲು.
4. ಕಾವಲುಗಾರರಿಗೆ, ಇನ್ನು ಮುಂದೆ ರಾತ್ರಿ ಗಮನವಿಟ್ಟು ಕೇಳಿಸಿಕೊಳ್ಳದಿರಲು.
5. ವಿದ್ಯಾರ್ಥಿನಿಯ ತಾಯಿಗೆ, 10ನೇ ಕಂಡಿಕೆಯನ್ನು ತೆಗೆದು. ಮಗಳಿಂದ ಓದಿಸಿಕೊಳ್ಳತಕ್ಕದ್ದು.
6. ಕಚೇರಿ ಪ್ರತಿ.

ಕಚೇರಿ ಪ್ರತಿಯ ಹಿಂಬದಿಯಲ್ಲಿ ರವಾನೆ ಗುಮಾಸ್ತೆಯ ಷರಾ, ಪೆನ್ಸಿಲಿನಲ್ಲಿ:

ಕ್ರಮಸಂಖ್ಯೆ 5ರ ಪ್ರತಿಯನ್ನು ಈ ದಿನ ಮುದ್ದಾಂ ತಾಯಿಯ ಕೈಗೇ ತಲುಪಿಸಲಾಗಿದೆ. 10ನೇ ಕಂಡಿಕೆ ತೆಗೆಯಬೇಕಾದರೆ ಇಡೀ ಹಾಳೆಯನ್ನು ಮತ್ತೆ ಟೈಪ್ ಮಾಡಬೇಕಿತ್ತು. ಮಾಡಿರುವುದಿಲ್ಲ. ‘ಏಳು ದಿನ’, ‘ಲಿಖಿತ ಆಧಾರ’ ಎಂಬಲ್ಲಿ ಕೆಂಪು ಗೆರೆ ಎಳೆಯಲಾಗಿದೆ. ಈ ವಿಷಯವನ್ನು ಯಾರ ಗಮನಕ್ಕೂ ತರುವ ಅಗತ್ಯ ಕಂಡುಬಂದಿಲ್ಲ. ಷರಾ ಅಳಿಸತಕ್ಕದ್ದು.